ನಿಮ್ಮ ಅಪ್ಪ-ಅಮ್ಮನನ್ನು ರೈಲು ಹತ್ತಿಸಿ: ಟೆಕ್ಸಸ್‌ನ ಕನ್ನಡಿಗ ಮಕ್ಕಳಿಗೆ ಒಂದು ಬಹಿರಂಗ ಪತ್ರ

ಡಲ್ಲಾಸ್–ಫೋರ್ಟ್‌ವರ್ತ್ ಸೀಮೆಯಲ್ಲಿ ಮನೆ ಮಾಡಿರುವ ಕನ್ನಡಿಗ ಮಕ್ಕಳಿಗೆ,

ನಾನು ಹುಬ್ಬಳ್ಳಿಯವನು. ಮೂವತ್ತೈದು ವರ್ಷ ರೈಲ್ವೆಯಲ್ಲಿ ದುಡಿದು ಗಾರ್ಡ್ ಆಗಿ ನಿವೃತ್ತನಾದವನು. ಈಗ ಆ ಹುದ್ದೆಗೆ ಟ್ರೈನ್ ಮ್ಯಾನೇಜರ್ ಎಂದು ಹೆಸರಿಟ್ಟಿದ್ದಾರೆ. ಹಸಿರು ಬಾವುಟ ಮಾತ್ರ ಅದೇ. ದೀಪಾವಳಿ ಮುಗಿಸಿಕೊಂಡು ನಾನೂ ನನ್ನ ಹೆಂಡತಿಯೂ ನಾರ್ತ್ ರಿಚ್‌ಲ್ಯಾಂಡ್ ಹಿಲ್ಸ್‌ನಲ್ಲಿರುವ ಮಗಳ ಮನೆಗೆ ಬಂದೆವು. ಯುಗಾದಿಯ ಹೊತ್ತಿಗೆ ಊರು ಸೇರುತ್ತೇವೆ. ಹೊರಡುವ ಮೊದಲು ನಿಮಗೆಲ್ಲ ಒಂದು ಮಾತು ಹೇಳಬೇಕಾಗಿದೆ. ಒಬ್ಬೊಬ್ಬರ ಮನೆಗೂ ಬಂದು ಹೇಳೋಣವೆಂದರೆ ನನಗೆ ಕಾರು ಓಡಿಸಲು ಬರುವುದಿಲ್ಲ. ಪತ್ರದ ವಿಷಯವೂ ಅದೇ.

ನಿಮ್ಮ ಮನೆಗಳಲ್ಲಿ ನಮಗೆ ಯಾವುದಕ್ಕೂ ಕಡಿಮೆ ಮಾಡುವುದಿಲ್ಲ. ಮೆತ್ತನೆಯ ಹಾಸಿಗೆ, ಬಿಸಿನೀರು, ಗೋಡೆಯಷ್ಟು ದೊಡ್ಡ ಟಿ.ವಿ., ಅದರಲ್ಲಿ ಕನ್ನಡದ ಎಲ್ಲ ವಾಹಿನಿಗಳು. ಬೆಳಗ್ಗೆ ಎಂಟಕ್ಕೆ ಮಗಳು, ಅಳಿಯ, ಮೊಮ್ಮಗಳು ಮೂವರೂ ಹೊರಬೀಳುತ್ತಾರೆ. ಗ್ಯಾರೇಜಿನ ಬಾಗಿಲು ಗರಗರನೆ ಕೆಳಗಿಳಿಯುತ್ತದೆ. ಅಲ್ಲಿಂದ ಸಂಜೆ ಐದೂವರೆಯ ತನಕ ನಾವಿಬ್ಬರು, ಕಿಟಕಿಯಾಚೆ ಒಂದು ಮರದ ಬೇಲಿ, ಬೇಲಿಯ ಮೇಲೊಂದು ಅಳಿಲು. ನಡೆದುಕೊಂಡು ಹೋಗೋಣವೆಂದರೆ ಕಾಲುದಾರಿ ನಾಲ್ಕು ಮನೆ ದಾಟುವಷ್ಟರಲ್ಲಿ ಹೇಳದೆ ಕೇಳದೆ ಮುಗಿದುಹೋಗುತ್ತದೆ. ಒಂದು ದಿನ ಹಾಗೇ ಹುಲ್ಲಿನ ಮೇಲೆ ನಡೆಯುತ್ತಿದ್ದಾಗ ಒಬ್ಬ ಪುಣ್ಯಾತ್ಮ ಕಾರು ನಿಲ್ಲಿಸಿ, ಏನಾದರೂ ತೊಂದರೆಯಾಗಿದೆಯೇ ಎಂದು ವಿಚಾರಿಸಿದ. ಇಲ್ಲಿ ನಡೆಯುವವನೆಂದರೆ ಕಾರು ಕೆಟ್ಟವನೇ ಇರಬೇಕೆಂಬ ಲೆಕ್ಕ.

ಹೀಗಿರುವಾಗ, ಬಂದ ಎರಡನೆಯ ವಾರ, ಅಳಿಯನ ಜೊತೆ ಅಂಗಡಿಗೆ ಹೋಗುತ್ತಿದ್ದಾಗ ರೈಲ್ವೆ ಗೇಟು ಬಿತ್ತು. ಅಳಿಯ ಲೊಚಗುಟ್ಟಿದರು. ನಾನು ಕುಳಿತಲ್ಲೇ ನೆಟ್ಟಗಾದೆ. ಹುಬ್ಬಳ್ಳಿಯ ಲೆಕ್ಕದಲ್ಲಿ ಇನ್ನೊಂದು ಹತ್ತು ನಿಮಿಷವಾದರೂ ನೋಡಲು ಸಿಗುತ್ತದೆ ಎಂದುಕೊಂಡರೆ, ಚೂಪು ಮೂತಿಯ ನಾಲ್ಕೇ ಡಬ್ಬಿಯ ಗಾಡಿಯೊಂದು ಸರ್ರನೆ ದಾಟಿತು, ಗೇಟು ಎದ್ದಿತು. ಒಂದು ನಿಮಿಷವೂ ಆಗಿರಲಿಲ್ಲ. "ಇದು ಯಾವ ಗಾಡಿ?" ಎಂದೆ. "ಟೆಕ್ಸ್‌ರೈಲ್ ಮಾವ, ಏರ್‌ಪೋರ್ಟಿಗೆ ಹೋಗುತ್ತದೆ. ನಮ್ಮ ಸ್ಟೇಷನ್ ಇಲ್ಲೇ ಸ್ಮಿತ್‌ಫೀಲ್ಡ್." ಮನೆಯಿಂದ ಒಂದು ಮೈಲಿ. ಆರು ವರ್ಷದಿಂದ ಅಲ್ಲೇ ಇದ್ದಾರೆ. ಮನೆಯಲ್ಲಿ ಯಾರೂ ಒಂದು ದಿನವೂ ಅದನ್ನು ಹತ್ತಿಲ್ಲ.

ಯಾಕವ್ವ ಎಂದು ಮಗಳನ್ನು ಕೇಳಿದರೆ ಅವಳಿಗೂ ಉತ್ತರ ಹೊಳೆಯಲಿಲ್ಲ. "ಕಾರು ಇದೆಯಲ್ಲ ಅಪ್ಪ" ಎಂದಳು. ಆಮೇಲೆ ನಿಮ್ಮ ಪೈಕಿ ಹತ್ತಾರು ಮಂದಿಯನ್ನು ಸಂಕ್ರಾಂತಿಯ ಕೂಟದಲ್ಲಿ ಕೇಳಿದೆ. ಬಹುತೇಕ ಅದೇ ಉತ್ತರ. ಒಬ್ಬರು ಮಾತ್ರ ದನಿ ತಗ್ಗಿಸಿ, "ಅಂಕಲ್, ಇಲ್ಲಿ ಅದರಲ್ಲೆಲ್ಲ ನಮ್ಮಂಥವರು ಹೋಗುವುದಿಲ್ಲ" ಎಂದರು. ಆ ಮಾತಿಗೆ ನಾನು ಎಲೆಯ ಮೇಲಿನ ಹೋಳಿಗೆ ಹಾಗೇ ಬಿಟ್ಟು ಎದ್ದೆ ಎಂದು ಬರೆದರೆ ಸುಳ್ಳಾಗುತ್ತದೆ, ತಿಂದೆ. ಆದರೆ ಗಂಟಲಲ್ಲಿ ಇಳಿಯಲಿಲ್ಲ. ಮೂವತ್ತೈದು ವರ್ಷ ನಾನು ಹೊತ್ತು ಸಾಗಿಸಿದ ಜನರೆಲ್ಲ ಹಾಗಾದರೆ ಯಾರಂಥವರು?

ಅದರ ಮರುದಿನವೇ ಇಬ್ಬರೂ ಹತ್ತಿದೆವು. ಮಗಳು ಸ್ಟೇಷನ್ನಿಗೆ ಬಿಟ್ಟು, ಮೊಬೈಲಿಗೆ ಟಿಕೆಟ್ ಕೊಳ್ಳುವ ಗೋಪಾಸ್ ಆ್ಯಪ್ ಹಾಕಿಕೊಟ್ಟು, ಹತ್ತು ಸಲ ಜೋಪಾನ ಹೇಳಿ ಹೋದಳು. ಒಂಟಿಯಾಗಿ ನಾಲ್ಕು ಇಂಜಿನ್ ಜೋಡಿಸಿದ ಗೂಡ್ಸ್ ಗಾಡಿಯನ್ನು ಕ್ಯಾಸಲ್‌ರಾಕ್ ಘಾಟಿಯಲ್ಲಿ ಇಳಿಸಿದವನಿಗೆ ಜೋಪಾನ!

ಮೊದಲು ನನ್ನ ಹೆಂಡತಿಯ ಮಂಡಿಯ ವಿಷಯ ಹೇಳುತ್ತೇನೆ. ನಮ್ಮ ಕಡೆ ರೈಲು ಹತ್ತುವುದೆಂದರೆ ಅವಳಿಗೆ ಎರಡೂ ಕೈಯಲ್ಲಿ ಹಿಡಿಕಂಬಿ, ಹಿಂದಿನಿಂದ ನಾನು, ಮೇಲಿನಿಂದ ಯಾರಾದರೂ ದೇವರಂಥವರು. ಇಲ್ಲಿ ಗಾಡಿ ಬಂದು ನಿಂತಿತು, ಬಾಗಿಲು ತೆರೆಯಿತು, ಬಾಗಿಲ ಕೆಳಗಿನಿಂದ ಒಂದು ಹಲಗೆ ನಾಲಿಗೆ ಚಾಚಿದಂತೆ ಹೊರಬಂದು ಪ್ಲಾಟ್‌ಫಾರ್ಮಿನ ಸಂದು ಮುಚ್ಚಿತು. ಅವಳು ಅಭ್ಯಾಸಬಲದಿಂದ ಸೀರೆಯ ನೆರಿಗೆ ಎತ್ತಿ ಹಿಡಿದು ಕಾಲು ಮೇಲೆತ್ತಿದಳು. ಮೆಟ್ಟಿಲೇ ಇರಲಿಲ್ಲ. ಎತ್ತಿದ ಕಾಲನ್ನು ಹಾಗೇ ಮುಂದಿಟ್ಟು ನಡುಮನೆಯಿಂದ ಅಡುಗೆಮನೆಗೆ ಹೋದಂತೆ ಒಳಗೆ ಹೋದಳು. ಒಳಗೆ ಹೋಗಿ ತಿರುಗಿ ನೋಡಿದ ಮುಖ ನನಗೆ ಮದುವೆಯಾದ ಹೊಸದರಲ್ಲಿ ಕಂಡದ್ದು.

ಗಾಡಿ ಸ್ವಿಟ್ಜರ್‌ಲ್ಯಾಂಡಿನ ಸ್ಟಾಡ್ಲರ್ ಕಂಪನಿಯದು. ಬುಸ್ನಾಂಗ್ ಎಂಬ ಸಣ್ಣ ಊರಿನಲ್ಲಿ ಅದರ ಮುಖ್ಯ ಕಚೇರಿ. ಮಾದರಿಯ ಹೆಸರು ಫ್ಲಿರ್ಟ್; ಚುರುಕಾದ, ಹಗುರವಾದ ಪ್ರಾಂತೀಯ ಗಾಡಿ ಎಂಬರ್ಥದ ಜರ್ಮನ್ ಪದಗಳ ಮೊದಲಕ್ಷರಗಳು. ಇಂಗ್ಲಿಷಿನಲ್ಲಿ ಆ ಪದಕ್ಕೆ ಬೇರೆ ಅರ್ಥವಿದೆಯೆಂದು ಮೊಮ್ಮಗಳು ಬಾಯಿ ಮುಚ್ಚಿಕೊಂಡು ನಕ್ಕಳು. ಫೆಡರಲ್ ಸರ್ಕಾರದ ಹಣ ಪಡೆದ ಯೋಜನೆಯ ಗಾಡಿಗಳನ್ನು ಕೊನೆಗೆ ಜೋಡಿಸುವ ಕೆಲಸ ಅಮೆರಿಕದಲ್ಲೇ ಆಗಬೇಕೆಂಬ ಕಾನೂನು ಇಲ್ಲಿದೆ. ಆದ್ದರಿಂದ ಗಾಡಿಯ ಜಾತಕ ಯೂರೋಪಿನದಾದರೂ ಜೋಡಣೆಯಾದದ್ದು ಯೂಟಾ ರಾಜ್ಯದ ಸಾಲ್ಟ್‌ಲೇಕ್ ಸಿಟಿಯಲ್ಲಿ. ಇದನ್ನು ಕೇಳಿದಾಗ ನನಗೆ ಹಳೆಯ ನೆಂಟನ ಮಗ ಸಿಕ್ಕಂತಾಯಿತು. ಏಕೆಂದರೆ ಮದರಾಸಿನ ಪೆರಂಬೂರಿನಲ್ಲಿ ರೈಲು ಡಬ್ಬಿ ತಯಾರಿಸುವ ಐ.ಸಿ.ಎಫ್. ಕಾರ್ಖಾನೆ 1955ರಲ್ಲಿ ಶುರುವಾದದ್ದೂ ಸ್ವಿಸ್ ಕಂಪನಿಯೊಂದರ ನಕ್ಷೆಯ ಮೇಲೆಯೇ. ಜೂರಿಕ್ ಪಕ್ಕದ ಶ್ಲೀರೆನ್‌ನವರು. ನೀಲಿ ಬಣ್ಣ ಬಳಿದು ನಾವು ನಮ್ಮದೇ ಎಂದುಕೊಂಡಿದ್ದ, ನಿಮ್ಮನ್ನು ತೊಟ್ಟಿಲ ವಯಸ್ಸಿನಿಂದ ಅಜ್ಜಿಯ ಊರಿಗೆ ಕರೆದೊಯ್ದ ಆ ಡಬ್ಬಿಗಳೆಲ್ಲ ಸ್ವಿಸ್ ಮೂಲದವೇ. 2018ರ ತನಕ ಅವು ತಯಾರಾಗುತ್ತಿದ್ದವು. ನಾನು ಉದ್ಯೋಗದುದ್ದಕ್ಕೂ ಹಿಂದಿನ ಡಬ್ಬಿಯಲ್ಲಿ ಕುಳಿತು ಕಾದದ್ದು ಅವನ್ನೇ.

ಒಂದು ವ್ಯತ್ಯಾಸ. ಜನ ಡಬ್ಬಿಯನ್ನೇ ಬೋಗಿ ಎನ್ನುತ್ತಾರೆ. ನಾವು ರೈಲ್ವೆಯವರಿಗೆ ಬೋಗಿ ಎಂದರೆ ಡಬ್ಬಿಯ ಕೆಳಗಿನ ಗಾಲಿಗಳ ಚೌಕಟ್ಟು. ನಮ್ಮಲ್ಲಿ ಒಂದು ಡಬ್ಬಿಗೆ ಎರಡು ಬೋಗಿ. ಈ ಗಾಡಿಯಲ್ಲಿ ಪಕ್ಕಪಕ್ಕದ ಎರಡು ಡಬ್ಬಿಗಳು ಒಂದೇ ಬೋಗಿಯ ಮೇಲೆ ಹೆಗಲು ಹಂಚಿಕೊಂಡು ಕೂರುತ್ತವೆ. ಹಾಗಾಗಿ ಬಫರ್ ಬಡಿಯುವ ಸದ್ದಿಲ್ಲ, ಹೊರಡುವಾಗ ಕುಲುಕಿಲ್ಲ. ಹಿಂದೆ ಗಾರ್ಡಿನ ಡಬ್ಬಿಯೂ ಇಲ್ಲ; ಎರಡೂ ತುದಿಯಲ್ಲಿ ಚಾಲಕನ ಕೋಣೆ. ಎಂಜಿನ್ ಎಲ್ಲಿ ಎಂದು ಹುಡುಕಿಕೊಂಡು ಹೋದೆ. ನಟ್ಟನಡುವೆ ಒಂದು ಗಿಡ್ಡ ಪೆಟ್ಟಿಗೆಯಲ್ಲಿದೆ. ಎರಡೂ ಬದಿಗೆ ಡೀಸೆಲ್ ಎಂಜಿನ್ನುಗಳು, ಮಧ್ಯೆ ಒಬ್ಬರು ನಡೆಯುವಷ್ಟು ಓಣಿ. ಡೀಸೆಲ್ ವಿದ್ಯುತ್ತು ಹುಟ್ಟಿಸುತ್ತದೆ, ವಿದ್ಯುತ್ತು ಗಾಲಿ ತಿರುಗಿಸುತ್ತದೆ. ಆ ಓಣಿಯಲ್ಲಿ ನಿಂತು ಗೋಡೆಗೆ ಅಂಗೈ ಒತ್ತಿದೆ. ದೊಡ್ಡ ಎತ್ತಿನ ಪಕ್ಕೆ ಮುಟ್ಟಿದಂತಿತ್ತು. ಪಕ್ಕದಿಂದ ಸೈಕಲ್ ತಳ್ಳಿಕೊಂಡು ಬಂದ ಹುಡುಗ ದಾರಿಗಾಗಿ ಕಾದು ನಿಂತಿದ್ದಾನೆಂದು ಹೆಂಡತಿ ಕರೆದ ಮೇಲೆಯೇ ಗೊತ್ತಾದದ್ದು.

ಮೊದಲ ದಿನ ವಿಮಾನ ನಿಲ್ದಾಣದ ಕಡೆ ಹೋಗಲಿಲ್ಲ. ಉಲ್ಟಾ ದಿಕ್ಕಿನಲ್ಲಿ ಕೊನೆಯ ನಿಲ್ದಾಣವಾದ ಫೋರ್ಟ್‌ವರ್ತಿನ ಟಿ ಆ್ಯಂಡ್ ಪಿ ತನಕ ಹೋದೆವು. ಟೆಕ್ಸಸ್ ಆ್ಯಂಡ್ ಪೆಸಿಫಿಕ್ ಎಂದು ಪೂರ್ಣ ಹೆಸರು, 1931ರ ಕಟ್ಟಡ. ಅದರ ಪಡಸಾಲೆಯ ಚಾವಣಿಯ ಚಿತ್ತಾರ ನೋಡಿದರೆ ಅದು ಟಿಕೆಟ್ ಕೊಡುತ್ತಿದ್ದ ಜಾಗ ಎನ್ನಲು ಮನಸ್ಸು ಬಾರದು. ಪಕ್ಕದಲ್ಲೇ ಟವರ್ 55 ಎಂಬ ಜಂಕ್ಷನ್. ಉತ್ತರ-ದಕ್ಷಿಣದ ಹಳಿ ಪೂರ್ವ-ಪಶ್ಚಿಮದ ಹಳಿಯನ್ನು ನೆಲಮಟ್ಟದಲ್ಲೇ ಕತ್ತರಿಸಿ ಹೋಗುತ್ತದೆ. ಅಮೆರಿಕದ ಅತಿ ದಟ್ಟಣೆಯ ರೈಲು ಕೂಡುರಸ್ತೆಗಳಲ್ಲಿ ಅದೂ ಒಂದು. ಮಕ್ಕಳೇ, ನೀವು ನಮ್ಮನ್ನು ಮಾಲ್‌ಗಳಿಗೆ ಕರೆದೊಯ್ಯುತ್ತೀರಿ. ನನ್ನನ್ನು ಅಲ್ಲೊಂದು ಕುರ್ಚಿ ಹಾಕಿ ಕೂರಿಸಿ, ಸಂಜೆ ಬಂದು ಕರೆದುಕೊಂಡು ಹೋಗಿ, ಉಪವಾಸವಿದ್ದರೂ ಗೊತ್ತಾಗುವುದಿಲ್ಲ.

ಈ ಊರು ರೈಲಿಗಾಗಿ ಎಷ್ಟು ಹಂಬಲಿಸಿತ್ತೆಂದು ನಿಮಗೆ ತಿಳಿದಿರಲಿ. 1873ರಲ್ಲಿ ಹಣದ ಬಿಕ್ಕಟ್ಟು ಬಂದು, ಹಳಿ ಡಲ್ಲಾಸ್ ದಾಟಿದ ಕೂಡಲೇ ನಿಂತುಹೋಯಿತು. ಬರುತ್ತದೆಂದು ನಂಬಿ ನೆಲೆಸಿದ್ದವರು ಫೋರ್ಟ್‌ವರ್ತ್ ಬಿಟ್ಟು ಹೊರಟರು. ಅಲ್ಲಿಯ ಬೀದಿಯಲ್ಲಿ ಚಿರತೆ ಮಲಗಿದ್ದರೂ ಎಬ್ಬಿಸುವವರಿಲ್ಲ ಎಂದು ಡಲ್ಲಾಸಿನ ಪತ್ರಿಕೆಯಲ್ಲಿ ಗೇಲಿ ಬಂತಂತೆ. ಫೋರ್ಟ್‌ವರ್ತಿನವರು ಆ ಗೇಲಿಯನ್ನೇ ಬಿರುದು ಮಾಡಿಕೊಂಡು ಇವತ್ತಿಗೂ ತಮ್ಮದು ಪ್ಯಾಂಥರ್ ಸಿಟಿ ಎನ್ನುತ್ತಾರೆ. ಕೊನೆಗೆ ಊರಿನವರೇ ಕಂಪನಿ ಕಟ್ಟಿಕೊಂಡು, ಹಳಿಯ ಕೆಲಸಕ್ಕೆ ತಾವೇ ಕೈಹಾಕಿ, 1876ರ ಜುಲೈ 19ರಂದು ಮೊದಲ ಗಾಡಿಯನ್ನು ಊರೊಳಗೆ ತಂದರು. ಆ ಮೇಲೆಯೇ ಅದು ದನದ ವ್ಯಾಪಾರದ ದೊಡ್ಡ ಪೇಟೆಯಾದದ್ದು.

ಎರಡನೆಯ ಸಲ ಟಿ ಆ್ಯಂಡ್ ಪಿಯಿಂದ ಹತ್ತಿ ಇನ್ನೊಂದು ತುದಿಗೆ, ಅಂದರೆ ವಿಮಾನ ನಿಲ್ದಾಣದ ಟರ್ಮಿನಲ್ ಬಿ ತನಕ ಹೋದೆವು. 27 ಮೈಲಿ, 9 ನಿಲ್ದಾಣ, ಒಂದು ಗಂಟೆಗೂ ಕಡಿಮೆ. ಈ ಸೇವೆ ಆರಂಭವಾದದ್ದು 2019ರ ಜನವರಿ 10ರಂದು. ಹಲವು ಕಡೆ ಒಂಟಿ ಹಳಿ. ಎದುರು ಗಾಡಿಗಾಗಿ ದಾರಿ ಬಿಡುವ ಜಾಗಗಳು ಅಲ್ಲಲ್ಲಿ. ಗದಗ ಮಾರ್ಗದಲ್ಲಿ ಕ್ರಾಸಿಂಗ್‌ಗಾಗಿ ನಿಂತು ಕಡಲೆಕಾಯಿ ಸುಲಿಯುತ್ತಿದ್ದ ನೆನಪು ನಿಮ್ಮಲ್ಲಿ ಕೆಲವರಿಗಾದರೂ ಇದ್ದೀತು. ಗೇಟು ಹತ್ತಿರ ಬಂದಾಗ ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ. ಹೀಗೆ ಹಾರ್ನ್ ಊದಬೇಕೆಂದು ಇಲ್ಲಿಯ ನಿಯಮ. ವಿನಾಯಿತಿ ಪಡೆದ ಸದ್ದಿಲ್ಲದ ವಲಯಗಳೂ ಇವೆ. ನಮ್ಮಲ್ಲಿ ಹಳದಿ ಫಲಕದ ಮೇಲೆ ಡಬ್ಲ್ಯೂ-ಎಲ್ ಕಂಡರೆ ಒಂದೇ ಉಸಿರಿನ ನೀಳ ಸೀಟಿ. ನಾಲ್ಕು ಸಲ ಕೇಳಿದ ಮೇಲೆ ನನ್ನ ಬೆರಳು ತಾನಾಗಿಯೇ ಕುರ್ಚಿಯ ಹಿಡಿಯ ಮೇಲೆ ಆ ತಾಳ ಹಾಕತೊಡಗಿತು.

ಸ್ಮಿತ್‌ಫೀಲ್ಡ್ ದಾಟಿದ ಮೇಲೆ ಗ್ರೇಪ್‌ವೈನ್. ಇದು ಹಳೆಯ ಕಾಟನ್ ಬೆಲ್ಟ್ ಮಾರ್ಗ. ಒಂದು ಕಾಲಕ್ಕೆ ಹತ್ತಿ ಸಾಗಿಸಿದ ಹಳಿ. ಹುಬ್ಬಳ್ಳಿಯವನಿಗೆ ಹತ್ತಿ ಎಂದರೆ ಬೇರೆ ಹೇಳಬೇಕಿಲ್ಲ. ಗ್ರೇಪ್‌ವೈನ್‌ನವರ ಬಳಿ 1896ರ ಉಗಿ ಎಂಜಿನ್ ಒಂದಿದೆ, ಪಫಿ ಎಂದು ಮುದ್ದಿನ ಹೆಸರು. ಅವರ ಪ್ರವಾಸಿ ಗಾಡಿ ಇದೇ ಹಳಿಯಲ್ಲಿ ಫೋರ್ಟ್‌ವರ್ತಿನ ಸ್ಟಾಕ್‌ಯಾರ್ಡ್ಸ್‌ಗೆ ಓಡಾಡುತ್ತದೆ. ಅಲ್ಲಿಂದ ಮುಂದೆ ಗಾಡಿ ಹಳೆಯ ಹಳಿ ಬಿಟ್ಟು ಹೊಸದಾಗಿ ಹಾಸಿದ ಹಳಿಯ ಮೇಲೆ ದಕ್ಷಿಣಕ್ಕೆ ಹೊರಳುತ್ತದೆ. ಊರು ಮುಗಿದು ಬಯಲು. ವಿಮಾನ ನಿಲ್ದಾಣದ ಜಾಗವೇ ಮ್ಯಾನ್‌ಹಟನ್ ದ್ವೀಪಕ್ಕಿಂತ ದೊಡ್ಡದು. ಬಯಲಿನ ಮೇಲೆ ವಿಮಾನವೊಂದು ಎಷ್ಟು ಕೆಳಗೆ ಬಂತೆಂದರೆ ನನ್ನ ಹೆಂಡತಿ ತಲೆ ತಗ್ಗಿಸಿದಳು.

ಟರ್ಮಿನಲ್ ಬಿಯಲ್ಲಿ ಇಳಿದು ನಾವು ಹೋದದ್ದೆಲ್ಲಿಗೂ ಅಲ್ಲ. ಒಂದು ಕಾಫಿ ಕುಡಿದು, ಬಂದು ಹೋಗುವವರನ್ನು ನೋಡಿ, ಮುಂದಿನ ಗಾಡಿಗೆ ವಾಪಸಾದೆವು. ಹೆಚ್ಚಿನ ಹೊತ್ತು ಅರ್ಧ ಗಂಟೆಗೊಂದು ಗಾಡಿ ಇರುತ್ತದೆ. ಆ ಕಾಫಿಯ ಬೆಲೆ ನಮ್ಮಿಬ್ಬರ ಟಿಕೆಟ್ಟಿಗಿಂತ ಹೆಚ್ಚಾಯಿತು. ಹಿರಿಯರಿಗೆ ರಿಯಾಯಿತಿ ಬೇರೆ ಇದೆ. ಆದರೆ ಅಂದು ಸಂಜೆ ಮಗಳು ಬಂದಾಗ ಮೂರು ತಿಂಗಳಲ್ಲಿ ಮೊದಲ ಬಾರಿಗೆ "ಇವತ್ತು ಏನು ಮಾಡಿದಿರಿ?" ಎಂಬ ಪ್ರಶ್ನೆಗೆ ಹೇಳಲು ನಮ್ಮ ಬಳಿ ಏನೋ ಇತ್ತು. ನನ್ನ ಹೆಂಡತಿ ಊಟದ ಹೊತ್ತಿಗೂ ಹೇಳಿ ಮುಗಿಸಲಿಲ್ಲ. ಗಾಡಿಯಲ್ಲಿ ಎದುರು ಕುಳಿತಿದ್ದ ಹೆಂಗಸು ವಿಮಾನ ನಿಲ್ದಾಣದ ಹೋಟೆಲಿನಲ್ಲಿ ಕೆಲಸ ಮಾಡುವವಳು, ಅವಳಿಗೂ ಮಂಡಿನೋವು, ಯಾವುದೋ ಎಣ್ಣೆಯ ಹೆಸರು ಹೇಳಿದ್ದಾಳೆ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಹೇಗೆ ಮಾತಾಡಿಕೊಂಡರೋ ಪಕ್ಕದಲ್ಲೇ ಇದ್ದ ನನಗೂ ತಿಳಿಯಲಿಲ್ಲ.

ಇಷ್ಟೇ ನನ್ನ ಬೇಡಿಕೆ. ಆರು ತಿಂಗಳಿಗೆಂದು ಬರುವ ನಿಮ್ಮ ಅಪ್ಪ-ಅಮ್ಮನನ್ನು ಈ ಗಾಡಿಗಳಿಗೆ ಪರಿಚಯಿಸಿ. ಮೊದಲ ಸಲ ಜೊತೆಗೆ ಹೋಗಿ, ಎರಡನೆಯ ಸಲ ಅವರನ್ನಷ್ಟೇ ಬಿಡಿ. ಗ್ರೇಪ್‌ವೈನ್‌ನ ಮೇನ್ ಸ್ಟ್ರೀಟಿನಲ್ಲಿ ನಡೆದಾಡಲು ಅಂಗಡಿ ಸಾಲಿದೆ, ಕೂರಲು ಬೆಂಚಿದೆ. ಟೆಕ್ಸ್‌ರೈಲ್ ನಿಮ್ಮ ಕಡೆ ಬರುವುದಿಲ್ಲ ಎನ್ನುವವರಿಗೆ ಬೇರೆ ಗಾಡಿಗಳಿವೆ. ಇರ್ವಿಂಗ್‌ನವರಿಗೆ 2014ರಿಂದಲೇ ಡಲ್ಲಾಸ್ ಕಡೆಯ ಸಾರಿಗೆ ಸಂಸ್ಥೆಯಾದ ಡಾರ್ಟ್‌ನ ಆರೆಂಜ್ ಲೈನ್ ಟರ್ಮಿನಲ್ ಎ ತನಕ ಹೋಗುತ್ತದೆ. 2025ರ ಅಕ್ಟೋಬರ್ 25ರಿಂದ ಸಿಲ್ವರ್ ಲೈನ್ ಓಡುತ್ತಿದೆ. ಅದೂ ಇದೇ ಸ್ವಿಸ್ ಮಾದರಿಯ ಗಾಡಿ, ಅದೇ ಕಾಟನ್ ಬೆಲ್ಟಿನ ಪೂರ್ವದ ಅರ್ಧ. ಪ್ಲೇನೋದಿಂದ ರಿಚರ್ಡ್‌ಸನ್, ಆಡಿಸನ್, ಕ್ಯಾರಲ್ಟನ್ ಹಾದು ಟರ್ಮಿನಲ್ ಬಿಗೇ ಬರುತ್ತದೆ. ಕಾಪೆಲ್‌ನವರಿಗೆ ಸೈಪ್ರೆಸ್ ವಾಟರ್ಸ್ ನಿಲ್ದಾಣ ಹತ್ತಿರ. ಯು.ಟಿ. ಡಲ್ಲಾಸಿನಲ್ಲಿ ಓದುವ ನಮ್ಮ ಹುಡುಗ ಹುಡುಗಿಯರಿಗೆ ವಿಶ್ವವಿದ್ಯಾಲಯದ ಹೆಸರಿನ ನಿಲ್ದಾಣವೇ ಇದೆ. ಎರಡು ವರ್ಷ ಊಟ ಬಿಟ್ಟು ಹಣ ಉಳಿಸಿ ಕಾರು ಕೊಳ್ಳುವ ಆ ಮಕ್ಕಳಿಗೆ ಇದನ್ನು ಯಾರಾದರೂ ಹೇಳಿ.

ಇನ್ನೊಂದು ವಿಷಯ, ಸ್ವಲ್ಪ ಖಾರ. ಗಾಡಿಯಲ್ಲಿ ಜನ ಕಡಿಮೆ, ತೆರಿಗೆ ದಂಡ ಎಂಬ ಮಾತನ್ನು ನಿಮ್ಮ ಕೂಟಗಳಲ್ಲಿ ಕೇಳಿದೆ. ತೆರಿಗೆ ನಿಜ. ಫೋರ್ಟ್‌ವರ್ತಿನಲ್ಲಿ ತೆರಿಗೆ ಬೀಳುವ ಪ್ರತಿ ಡಾಲರ್ ಖರೀದಿಯಲ್ಲಿ ಅರ್ಧ ಸೆಂಟ್ ಈ ಸಾರಿಗೆಗೆ ಹೋಗುತ್ತದೆ, ಡಾರ್ಟ್‌ನ ಸದಸ್ಯ ನಗರಗಳಲ್ಲಿ ಒಂದು ಸೆಂಟ್. ಅಕ್ಕಿ ಬೇಳೆಗೆ ಟೆಕ್ಸಸ್‌ನಲ್ಲಿ ಮಾರಾಟ ತೆರಿಗೆ ಇಲ್ಲ, ಕುಕ್ಕರಿಗೆ ಇದೆ. ಅಂದರೆ ನೀವು ಕುಕ್ಕರ್ ಕೊಂಡ ದಿನವೇ ರೈಲಿನ ಚೀಟಿಯ ಒಂದು ಚೂರು ಕೊಂಡಿದ್ದೀರಿ. ಕೊಂಡ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ಗಾಡಿ ಖಾಲಿ ಎಂದು ದೂರುವುದು ಯಾವ ಊರಿನ ನ್ಯಾಯ? ಫ್ರಿಸ್ಕೋದವರಿಗೆ ಈ ದೂರೂ ಇಲ್ಲ. ಆ ನಗರ ಡಾರ್ಟ್ ಸೇರಿಲ್ಲ, ಅಲ್ಲಿಗೆ ಅದರ ರೈಲು ಹೋಗುವುದಿಲ್ಲ. ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಆಶ್ರಯದಲ್ಲಿ ಎದ್ದ ಕಾರ್ಯಸಿದ್ಧಿ ಹನುಮಂತನ ಗುಡಿ ಅಲ್ಲಿಯೇ ಇದೆ. ನನ್ನ ಹೆಂಡತಿಗೆ ಪ್ರತಿ ಶನಿವಾರ ಹೋಗುವ ಆಸೆ. ಅಳಿಯನಿಗೆ ಬಿಡುವಾದ ಶನಿವಾರಗಳು ಈವರೆಗೆ ನಾಲ್ಕು. ಇಲ್ಲಿ ಮತ ಹಾಕುವ ಹಕ್ಕು ಪಡೆದವರು ನಿಮ್ಮಲ್ಲಿ ಸಾವಿರಾರು ಮಂದಿ ಇದ್ದೀರಿ. ನಗರಸಭೆಯ ಚುನಾವಣೆಗೆ ನಿಂತವರು ಮನೆ ಬಾಗಿಲಿಗೆ ಬಂದಾಗ ಶಾಲೆಯ ವಿಷಯ ಕೇಳುತ್ತೀರಿ, ಮನೆ ತೆರಿಗೆಯ ವಿಷಯ ಕೇಳುತ್ತೀರಿ. ರೈಲಿನ ವಿಷಯವನ್ನೂ ಕೇಳಿ. ಇವತ್ತು ನಮಗಾಗಿ ಕೇಳಿದ್ದು ಇನ್ನು ಮೂವತ್ತು ವರ್ಷಕ್ಕೆ, ಕಣ್ಣು ಮಂಜಾಗಿ ಕಾರಿನ ಬೀಗದ ಕೈಯನ್ನು ಮಕ್ಕಳು ಕಿತ್ತುಕೊಂಡ ದಿನ, ನಿಮಗೇ ಒದಗುತ್ತದೆ.

ಕುಂದುಗಳೂ ಇವೆ. ತಡರಾತ್ರಿ ಗಾಡಿಗಳು ವಿರಳ. ದೋಹಾ, ದುಬೈ ಕಡೆಯಿಂದ ಬರುವವರು ಇಳಿಯುವುದು ಟರ್ಮಿನಲ್ ಡಿಯಲ್ಲಿ. ಅಲ್ಲಿಂದ ಬಿಗೆ ಬರಲು ಟರ್ಮಿನಲ್‌ಗಳ ನಡುವೆ ಸುತ್ತುವ ಬಸ್ ಹಿಡಿಯಬೇಕು. ಇಪ್ಪತ್ಮೂರು ಕಿಲೋದ ನಾಲ್ಕು ಪೆಟ್ಟಿಗೆ, ಮೇಲೊಂದು ಉಪ್ಪಿನಕಾಯಿಯ ಡಬ್ಬ ಹೊತ್ತವರಿಗೆ ಅದು ಸುಲಭವಲ್ಲ, ಒಪ್ಪುತ್ತೇನೆ. ಮತ್ತೆ, ಗಾಡಿ ಗಿಡ್ಡದು. ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮಿನಲ್ಲಿ ಇಂಥ ಹದಿನೈದನ್ನು ಸಾಲಾಗಿ ನಿಲ್ಲಿಸಿದರೂ ಜಾಗ ಮಿಗುತ್ತದೆ. ಇದನ್ನು ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕ ಒಬ್ಬ ಟೆಕ್ಸಸ್ ಮುದುಕನಿಗೆ ಹೇಳಿದೆ. ಎಲ್ಲವೂ ಟೆಕ್ಸಸ್‌ನಲ್ಲೇ ದೊಡ್ಡದು ಎನ್ನುವ ಜನ; ಅವನ ಮುಖ ನೀವು ನೋಡಬೇಕಿತ್ತು.

ಮುಂದಿನ ವಾರ ನಾವು ಹೊರಡುತ್ತೇವೆ. ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿಗೆ ರೈಲೇಕೆ ಎಂದು ಮನೆಯಲ್ಲಿ ಮೂರು ದಿನ ಚರ್ಚೆ ನಡೆಯಿತು. ಕೊನೆಗೆ ಒಪ್ಪಂದವಾಗಿದೆ. ಪೆಟ್ಟಿಗೆಗಳು ಅಳಿಯನ ಜೊತೆ ಕಾರಿನಲ್ಲಿ ಬರುತ್ತವೆ. ನಾವಿಬ್ಬರು, ಮಗಳು, ಮೊಮ್ಮಗಳು ಸ್ಮಿತ್‌ಫೀಲ್ಡಿನಲ್ಲಿ ಗಾಡಿ ಹತ್ತುತ್ತೇವೆ. ಮಗಳಿಗೆ ಇದು ಮೊದಲ ಸಲ. ಮೊಮ್ಮಗಳಿಗೆ ನಾನು ಬಟ್ಟೆಯ ತುಂಡೊಂದರಿಂದ ಹಸಿರು ಬಾವುಟ ಮಾಡಿಕೊಟ್ಟಿದ್ದೇನೆ. ಗಾಡಿಯೊಳಗೆ ಬೀಸಕೂಡದು, ಇಳಿದ ಮೇಲೆ ಮಾತ್ರ ಎಂದು ಹೇಳಿದ್ದೇನೆ.

ಇಂತಿ,
ಹುಬ್ಬಳ್ಳಿಯ ಒಬ್ಬ ನಿವೃತ್ತ ಗಾರ್ಡ್